ಉಳಿಸೋಣವೇ, ತೆಗೆಯೋಣವೇ? ಗಿಲ್ಡ್ ವಾರ್ಸ್ ಬಿಲ್ಡ್‌ಗಳ ಮತದಾನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅರೇನಾನೆಟ್ ಕಂಪನಿಯ ಗಿಲ್ಡ್ ವಾರ್ಸ್ ಎಂಬ ಆನ್‌ಲೈನ್ ಆಟ 2005ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ಇದರಲ್ಲಿ ಪಾತ್ರ 20ನೇ ಲೆವೆಲ್ ಮುಟ್ಟಿದರೆ ಅಲ್ಲಿಗೆ ಮುಗಿಯಿತು, ಆಮೇಲೆ ಎಷ್ಟು ಆಡಿದರೂ ಲೆವೆಲ್ ಏರುವುದಿಲ್ಲ. ಗೆಲುವು ಸೋಲು ನಿಂತಿರುವುದು ಬಿಲ್ಡ್ ಮೇಲೆ: ಎರಡು ವೃತ್ತಿಗಳ ಜೋಡಿ, ಊರಿನಿಂದ ಹೊರಡುವ ಮುಂಚೆ ಆರಿಸಿಕೊಳ್ಳುವ 8 ಸ್ಕಿಲ್, 200 ಅಟ್ರಿಬ್ಯೂಟ್ (ಸ್ಕಿಲ್‌ಗಳ ಬಲ ನಿರ್ಧರಿಸುವ ಗುಣ) ಪಾಯಿಂಟ್‌ಗಳ ಹಂಚಿಕೆ, ಜೊತೆಗೆ ಆರ್ಮರ್, ಅದಕ್ಕೆ ಕೂಡಿಸಿ ಅಟ್ರಿಬ್ಯೂಟ್ ಹೆಚ್ಚಿಸುವ ರೂನ್, ಆಯುಧ. ಆಟಗಾರರು ತಾವೇ ಕಟ್ಟಿದ ಬಿಲ್ಡ್‌ಗಳನ್ನು ಒಂದೆಡೆ ಕೂಡಿಸಿ, ಪರೀಕ್ಷಿಸಿ, ಮತ ಹಾಕಿ ಉಳಿಸುವ ಅಥವಾ ತೆಗೆಯುವ ಪದ್ಧತಿ ಈ ಆಟದ ಸುತ್ತ ಗಟ್ಟಿಯಾಗಿ ಬೆಳೆದಿದೆ. ಈ ಸಲದ ಪ್ರಶ್ನೆಗಳೆಲ್ಲ ಅದರ ಬಗ್ಗೆಯೇ.

ಪ್ರಶ್ನೆ: ನಮ್ಮ ಗಿಲ್ಡ್‌ನವರು (ಆಟದೊಳಗಿನ ನಮ್ಮ ಆಟಗಾರರ ತಂಡ) ಸೇರಿ ಕೂಡಿಟ್ಟ ಬಿಲ್ಡ್‌ಗಳ ಪಟ್ಟಿ ತುಂಬ ಉದ್ದವಾಗಿದೆ. ಹೊಸಬರಿಗೆ ಯಾವುದನ್ನು ಬಳಸಬೇಕೆಂದೇ ತಿಳಿಯುತ್ತಿಲ್ಲ. ಬೇಕು, ಬೇಡ ಎಂದು ಕೈ ಎತ್ತಿಸಿ ಲೆಕ್ಕ ಹಾಕಿದರೆ ಸಾಕೇ? – ಓದುಗರೊಬ್ಬರು, ಶಿವಮೊಗ್ಗ

ಸಾಲದು. ಇದೇ ದಾರಿಯಲ್ಲಿ ಮೊದಲು ನಡೆದವರ ಅನುಭವ ಕಣ್ಣ ಮುಂದಿದೆ. ಆಟಗಾರರೇ ಬರೆಯುವ ಗಿಲ್ಡ್‌ವಿಕಿ ತಾಣದಲ್ಲಿ ಆರಂಭದ ವರ್ಷಗಳಲ್ಲಿ ಬಿಲ್ಡ್‌ಗಳಿಗೆ ಪರ, ವಿರೋಧ ಎಂಬ ಎರಡೇ ಬಗೆಯ ಮತವಿತ್ತು. ಅದರ ಸುತ್ತ ಜಗಳ ಬೆಳೆದು, 2007ರಲ್ಲಿ ಅಲ್ಲಿನವರು ಬಿಲ್ಡ್ ವಿಭಾಗವನ್ನೇ ಕೈಬಿಟ್ಟರು. ಬಿಲ್ಡ್‌ಗಳಿಗಾಗಿಯೇ ಪಿವಿಎಕ್ಸ್ ಎಂಬ ಬೇರೆ ಸಂಗ್ರಹ ಹುಟ್ಟಿತು. ಅಲ್ಲಿ ಪರಿಣಾಮ, ಬಹುಬಳಕೆ, ಹೊಸತನ ಎಂಬ ಮೂರು ತಲೆಬರಹಗಳಡಿ 0ಯಿಂದ 5ರವರೆಗೆ ಅಂಕ ಕೊಡುವ ಪದ್ಧತಿ ಬಂತು. ಬೇಕು, ಬೇಡ ಎಂಬ ಮತದಲ್ಲಿ ಬಿಲ್ಡ್ ಯಾವ ಕಡೆ ಸೋತಿತು, ಎಷ್ಟು ಸೋತಿತು ಎಂಬುದು ಕಾಣುವುದೇ ಇಲ್ಲ. ಎನರ್ಜಿ (ಸ್ಕಿಲ್ ಬಳಸಲು ಖರ್ಚಾಗುವ ಶಕ್ತಿ) ಸ್ವಲ್ಪ ಸಾಲದ ಬಿಲ್ಡಿಗೂ ಪೂರ್ತಿ ಕೆಲಸಕ್ಕೆ ಬಾರದ ಬಿಲ್ಡಿಗೂ ಅದು ಒಂದೇ ಶಿಕ್ಷೆ ಕೊಡುತ್ತದೆ.

ಮತಕ್ಕೂ ಮುಂಚೆ ಒಂದು ಜರಡಿ ಹಿಡಿಯಿರಿ. ಆಟದ ನಿಯಮದ ಪ್ರಕಾರ ಕಟ್ಟಲು ಬಾರದ ಬಿಲ್ಡನ್ನು ಮತಕ್ಕೆ ಹಾಕುವುದು ಎಲ್ಲರ ಸಮಯ ಹಾಳು. ನೋಡಬೇಕಾದವು ಇವು.

ಮೊದಲನೆಯದು ಪಾಯಿಂಟ್ ಲೆಕ್ಕ. ಅಟ್ರಿಬ್ಯೂಟಿನ 1ರಿಂದ 7ನೇ ಮಟ್ಟದವರೆಗೆ ಪ್ರತಿ ಮಟ್ಟಕ್ಕೆ ಅದರ ಸಂಖ್ಯೆಯಷ್ಟೇ ಪಾಯಿಂಟ್ ಬೀಳುತ್ತದೆ. 8ಕ್ಕೆ 9, 9ಕ್ಕೆ 11, 10ಕ್ಕೆ 13, 11ಕ್ಕೆ 16, 12ಕ್ಕೆ 20. ಒಟ್ಟು ಕೂಡಿದರೆ 8ಕ್ಕೆ 37, 10ಕ್ಕೆ 61, 11ಕ್ಕೆ 77, 12ಕ್ಕೆ 97. ಹೀಗಾಗಿ 12, 12, 3 ಎಂಬ ಹಂಚಿಕೆ ಸರಿಯಾಗಿ 200. 12, 10, 8 ಎಂಬುದು 195. ಆದರೆ 12, 12, 8 ಎಂದು ಬರೆದು ತಂದರೆ ಅದು 231, ಆಟದಲ್ಲಿ ಕಟ್ಟಲಾಗದು. ಇಂಥ ತಪ್ಪು ಅಪರೂಪವಲ್ಲ. ರೂನ್ ಮತ್ತು ತಲೆಯ ಆರ್ಮರ್ ಸೇರಿಸಿದ ಅಂಕವನ್ನೇ ಮೂಲ ಅಂಕವೆಂದು ಬರೆದುಬಿಡುವುದರಿಂದ ಹೀಗಾಗುತ್ತದೆ. ಮೂಲ ಮಟ್ಟ ಬೇರೆ, ಸೇರಿಕೆ ಬೇರೆಯಾಗಿ 12+1+3 ಎಂದು ಬರೆಸುವುದನ್ನು ಕಡ್ಡಾಯ ಮಾಡಿ.

ಎರಡನೆಯದು ವೃತ್ತಿಯ ಮಿತಿ. ಪ್ರತಿ ವೃತ್ತಿಗೂ ಒಂದು ಮುಖ್ಯ ಅಟ್ರಿಬ್ಯೂಟ್ ಇದೆ: ಮಾಂಕ್‌ಗೆ ಡಿವೈನ್ ಫೇವರ್, ನೆಕ್ರೊಮ್ಯಾನ್ಸರ್‌ಗೆ ಸೋಲ್ ರೀಪಿಂಗ್, ರೇಂಜರ್‌ಗೆ ಎಕ್ಸ್‌ಪರ್ಟೈಸ್. ಅದು ಸಿಗುವುದು ಆ ವೃತ್ತಿ ಮೊದಲನೆಯದಾಗಿದ್ದಾಗ ಮಾತ್ರ. ರೂನ್‌ಗಳೂ ಮೊದಲ ವೃತ್ತಿಯ ಅಟ್ರಿಬ್ಯೂಟ್‌ಗಳಿಗಷ್ಟೇ ಕೂಡುತ್ತವೆ. ಎರಡನೇ ವೃತ್ತಿಯ ಅಟ್ರಿಬ್ಯೂಟನ್ನು 14 ಎಂದು ಬರೆದಿದ್ದರೆ ಅಲ್ಲೇ ವಾಪಸ್ ಕಳಿಸಿ.

ಮೂರನೆಯದು ಸ್ಕಿಲ್‌ಗಳ ನಡುವಿನ ತಿಕ್ಕಾಟ. ಎಲೀಟ್ ಎಂಬ ವಿಶೇಷ ಸ್ಕಿಲ್ ಒಂದಕ್ಕಿಂತ ಹೆಚ್ಚಿರಬಾರದು. ಪಿವಿಇಗೆ (ಕಂಪ್ಯೂಟರ್ ನಡೆಸುವ ಶತ್ರುಗಳ ಎದುರಿನ ಆಟಕ್ಕೆ) ಮೀಸಲಾದ ಸ್ಕಿಲ್‌ಗಳು ಮೂರಕ್ಕಿಂತ ಹೆಚ್ಚಿರಬಾರದು. ಸ್ಟ್ಯಾನ್ಸ್ ಎಂಬ ಬಗೆಯ ಸ್ಕಿಲ್ ಒಂದು ಹೊತ್ತಿಗೆ ಒಂದೇ ನಿಲ್ಲುತ್ತದೆ, ಎರಡನೆಯದನ್ನು ಹಾಕಿದ ಕೂಡಲೇ ಮೊದಲನೆಯದು ಹೋಗುತ್ತದೆ. ರೇಂಜರ್‌ನ ಪ್ರಿಪರೇಷನ್ ಬಗೆಯ ಸ್ಕಿಲ್‌ಗಳದೂ ಇದೇ ಕಥೆ. ಅಸಾಸಿನ್‌ನ ಹೊಡೆತಗಳು ಲೀಡ್, ಆಫ್‌ಹ್ಯಾಂಡ್, ಡ್ಯುಯಲ್ ಎಂಬ ಸರಪಳಿಯಲ್ಲಿ ಬರುವುದರಿಂದ, ನಡುವಿನ ಕೊಂಡಿ ತಪ್ಪಿದ್ದರೆ ಕೊನೆಯ ಹೊಡೆತ ಬರೀ ಜಾಗ ತಿನ್ನುತ್ತದೆ.

ಈ ಜರಡಿಗೆ ಮತ ಬೇಡ. ಲೆಕ್ಕ ಬಲ್ಲ ಒಬ್ಬರು ಸಾಕು. ನಿಮ್ಮ ಪಟ್ಟಿ ಇಲ್ಲಿಗೇ ಸಾಕಷ್ಟು ತೆಳುವಾಗುತ್ತದೆ.

ಪ್ರಶ್ನೆ: ಪರೀಕ್ಷಿಸದೆ ಮತ ಹಾಕಬಾರದು ಎಂದು ನಿಯಮ ಮಾಡಿದ್ದೇವೆ. ಆದರೆ ಪರೀಕ್ಷೆ ಎಂದರೆ ಎಷ್ಟು, ಎಲ್ಲಿ? ಒಬ್ಬರು ಒಂದು ಮಿಷನ್ ಆಡಿ ಬಂದು 5 ಅಂಕ ಕೊಡುತ್ತಾರೆ, ಇನ್ನೊಬ್ಬರು ಅದೇ ಬಿಲ್ಡಿಗೆ 1 ಕೊಡುತ್ತಾರೆ. – ಓದುಗರೊಬ್ಬರು, ಹುಬ್ಬಳ್ಳಿ

ನಿಯಮ ಒಳ್ಳೆಯದೇ. ಅದಕ್ಕೆ ಒಂದು ಅಳತೆ ಬೇಕಷ್ಟೆ. ಮೂರು ಹಂತ ಇಟ್ಟುಕೊಳ್ಳಿ.

ಕಾಗದದ ಮೇಲಿನ ಎನರ್ಜಿ ಲೆಕ್ಕ ಮೊದಲು. ಒಂದು ಎನರ್ಜಿ ಪಿಪ್ ಎಂದರೆ 3 ಸೆಕೆಂಡಿಗೆ 1 ಎನರ್ಜಿ. ಸ್ಪೆಲ್ (ಮಂತ್ರದ ಬಗೆಯ ಸ್ಕಿಲ್) ಹಾಕುವ ವೃತ್ತಿಗಳಿಗೆ ಸಾಮಾನ್ಯವಾಗಿ 4 ಪಿಪ್, ಅಂದರೆ ನಿಮಿಷಕ್ಕೆ 80 ಎನರ್ಜಿ ಮರಳುತ್ತದೆ. ಈಗ ಒಂದು ಬಿಲ್ಡ್ 10 ಸೆಕೆಂಡಿಗೊಮ್ಮೆ 15 ಎನರ್ಜಿಯ ಸ್ಪೆಲ್, 8 ಸೆಕೆಂಡಿಗೊಮ್ಮೆ 10 ಎನರ್ಜಿಯ ಸ್ಪೆಲ್ ಬಳಸುತ್ತದೆ ಎಂದುಕೊಳ್ಳಿ. ನಿಮಿಷದ ಖರ್ಚು 90 ಮತ್ತು 75, ಒಟ್ಟು 165. ಬರುವುದು 80. ನಿಮಿಷಕ್ಕೆ 85 ಕೊರತೆ. 40 ಎನರ್ಜಿಯಿಂದ ಹೊರಟರೆ ಹೆಚ್ಚುಕಡಿಮೆ 28 ಸೆಕೆಂಡಿಗೆ ಬರಿದಾಗುತ್ತದೆ. ಅರ್ಧ ನಿಮಿಷದೊಳಗೆ ಮುಗಿಯುವ ಕಾಳಗಕ್ಕೆ ಇದು ಸರಿ. ಬಾಸ್ ಎದುರು ಎರಡು ನಿಮಿಷ ನಿಲ್ಲಬೇಕಾದ ಕಡೆ ಕೈ ಖಾಲಿ. ಒಂದು ಸಣ್ಣ ಮಿಷನ್ ಆಡಿದವರು 5, ದೊಡ್ಡದನ್ನು ಆಡಿದವರು 1 ಕೊಡುವುದು ಎಷ್ಟೋ ಸಲ ಈ ಕಾರಣಕ್ಕೇ. ಇಬ್ಬರೂ ಕಂಡದ್ದನ್ನೇ ಹೇಳಿರುತ್ತಾರೆ, ಆದರೆ ಆಡಿದ ಜಾಗವನ್ನು ಬರೆದಿರುವುದಿಲ್ಲ.

ಸಮಯದ ಲೆಕ್ಕವನ್ನೂ ಮರೆಯಬೇಡಿ. ಸ್ಪೆಲ್ ಹಾಕಿ ಮುಗಿದ ಮೇಲೆ ಮುಕ್ಕಾಲು ಸೆಕೆಂಡ್ ಪಾತ್ರ ಬೇರೇನೂ ಮಾಡಲಾಗದು. 1 ಸೆಕೆಂಡಿನ ಸ್ಪೆಲ್ ನಿಜದಲ್ಲಿ ತಿನ್ನುವುದು 1.75 ಸೆಕೆಂಡ್. ಎಂಟೂ ಸ್ಕಿಲ್‌ಗಳನ್ನು ಒಂದರ ಹಿಂದೊಂದು ಹಾಕುತ್ತೇನೆ ಎನ್ನುವ ಬಿಲ್ಡ್‌ಗಳಲ್ಲಿ ಇದನ್ನು ಕೂಡಿ ನೋಡಿದರೆ ಎರಡು ಸ್ಕಿಲ್‌ಗಳಿಗೆ ಸರದಿಯೇ ಬರುವುದಿಲ್ಲ ಎಂದು ಗೊತ್ತಾಗುತ್ತದೆ.

ಎರಡನೇ ಹಂತಕ್ಕೆ ಐಲ್ ಆಫ್ ದಿ ನೇಮ್‌ಲೆಸ್‌ಗೆ ಹೋಗಿ. ಅಭ್ಯಾಸಕ್ಕೆಂದೇ ಇರುವ ಈ ದ್ವೀಪದಲ್ಲಿ ಬೇರೆ ಬೇರೆ ಆರ್ಮರ್ ಮಟ್ಟದ ಗುರಿಗೊಂಬೆಗಳಿವೆ, ಬಿದ್ದ ಡ್ಯಾಮೇಜ್ ಲೆಕ್ಕ ಹೇಳುವ ಮಾಸ್ಟರ್ ಆಫ್ ಡ್ಯಾಮೇಜ್ ಇದ್ದಾನೆ. ಈ ಆಟದಲ್ಲಿ ಆರ್ಮರ್ 40 ಹೆಚ್ಚಾದರೆ ಆರ್ಮರ್‌ಗೆ ಒಳಪಡುವ ಡ್ಯಾಮೇಜ್ ಅರ್ಧಕ್ಕಿಳಿಯುತ್ತದೆ. 60 ಆರ್ಮರ್‌ನ ಗೊಂಬೆಗೆ 100 ಬಿದ್ದರೆ 100 ಆರ್ಮರ್‌ನದಕ್ಕೆ 50. ಆದ್ದರಿಂದ ಮೃದುವಾದ ಗೊಂಬೆಯ ಮೇಲಷ್ಟೇ ಹೊಡೆದು ತಂದ ಅಂಕಿಯನ್ನು ನಂಬಬೇಡಿ. ಕಡಿಮೆ ಆರ್ಮರ್‌ನ ಒಂದು, ಹೆಚ್ಚು ಆರ್ಮರ್‌ನ ಒಂದು, ಎರಡರ ಮೇಲೂ ತಲಾ ಒಂದು ನಿಮಿಷ ಹೊಡೆದು ಎರಡೂ ಅಂಕಿ ಬರೆಯಿರಿ. ಆರ್ಮರ್ ಲೆಕ್ಕಿಸದ ಸ್ಕಿಲ್‌ಗಳಿರುವ ಬಿಲ್ಡಾದರೆ ಎರಡೂ ಅಂಕಿ ಹತ್ತಿರ ಹತ್ತಿರ ಬರಬೇಕು. ಬರದಿದ್ದರೆ ವಿವರಣೆಯಲ್ಲಿ ಏನೋ ತಪ್ಪಿದೆ.

ಮೂರನೆಯದು ನಿಜವಾದ ಕಾಳಗ. ಬಿಲ್ಡ್ ತನ್ನದೆಂದು ಹೇಳಿಕೊಂಡ ಜಾಗದಲ್ಲಿ ಕನಿಷ್ಠ ಮೂರು ಸಲ, ಪಿವಿಇ ಆದರೆ ಅದರಲ್ಲಿ ಒಮ್ಮೆ ಹಾರ್ಡ್ ಮೋಡ್‌ನಲ್ಲಿ. ಸತ್ತಾಗ ಬೀಳುವ ಡೆತ್ ಪೆನಾಲ್ಟಿಯನ್ನೂ ಗಮನಿಸಿ: ಒಂದು ಸಾವಿಗೆ ಆರೋಗ್ಯ, ಎನರ್ಜಿ ಎರಡರ ಗರಿಷ್ಠವೂ 15% ಇಳಿಯುತ್ತದೆ, 60%ವರೆಗೆ. ಒಂದು ಸಾವಾದ ಮೇಲೂ ಬಿಲ್ಡ್ ನಿಲ್ಲುತ್ತದೆಯೇ ಎಂಬುದು ಅದರ ಗಟ್ಟಿತನಕ್ಕೆ ಒಳ್ಳೆಯ ಒರೆಗಲ್ಲು. ಎನರ್ಜಿಯನ್ನು ಅಂಚಿನವರೆಗೆ ಎಳೆದು ಕಟ್ಟಿದ ಬಿಲ್ಡ್‌ಗಳು ಇಲ್ಲೇ ಮುರಿಯುತ್ತವೆ.

ಮತದ ಜೊತೆ ನಾಲ್ಕು ವಿವರ ಬರೆಯದಿದ್ದರೆ ಆ ಮತ ಲೆಕ್ಕಕ್ಕಿಲ್ಲ ಎಂದುಬಿಡಿ: ಎಲ್ಲಿ ಆಡಿದ್ದು, ಯಾವ ಮೋಡ್, ಪಾರ್ಟಿಯಲ್ಲಿ ಯಾರು ಯಾರು, ಸೋತಿದ್ದರೆ ಯಾವುದರಿಂದ.

ಪ್ರಶ್ನೆ: ಐದು ಮತಗಳಲ್ಲಿ ನಾಲ್ಕು ಚೆನ್ನಾಗಿದ್ದು ಒಂದು ಸೊನ್ನೆ ಬಂದರೆ ಬಿಲ್ಡ್ ಬಿದ್ದುಹೋಗುತ್ತದೆ. ಸೊನ್ನೆ ಹಾಕುವುದನ್ನೇ ನಿಲ್ಲಿಸಬೇಕೇ? – ಓದುಗರೊಬ್ಬರು, ಮೈಸೂರು

ನಿಲ್ಲಿಸಬೇಡಿ. ಸೊನ್ನೆಗೆ ಅರ್ಹವಾದ ಬಿಲ್ಡ್‌ಗಳಿವೆ. ನಿಮ್ಮ ಉದಾಹರಣೆಯನ್ನೇ ನೋಡೋಣ: 5, 5, 5, 4, 0. ಸರಾಸರಿ 3.8. ಸೊನ್ನೆ ತೆಗೆದರೆ 4.75. ನಡುವಿನ ಮತವನ್ನು ಹಿಡಿದರೆ 5. ಒಂದೇ ಮತ ಸುಮಾರು ಒಂದು ಅಂಕವನ್ನು ಎಳೆದುಹಾಕಿದೆ.

ಆ ಸೊನ್ನೆ ಹಾಕಿದವರು ಉಳಿದ ನಾಲ್ವರ ಕಣ್ಣಿಗೆ ಬೀಳದ ದೋಷ ಕಂಡಿರಲೂಬಹುದು. ಎದುರಾಳಿ ಎನ್‌ಚಾಂಟ್‌ಮೆಂಟ್ (ಪಾತ್ರಕ್ಕೆ ನೆರವಾಗುವ ಮಂತ್ರ) ಕಿತ್ತರೆ ಐದು ಸೆಕೆಂಡಿನಲ್ಲಿ ಸಾಯುತ್ತದೆ ಎಂದು ಅವರು ಬರೆದಿದ್ದರೆ, ಉಳಿದವರು ಆ ಸ್ಥಿತಿಯಲ್ಲಿ ಮತ್ತೆ ಆಡಿ ನೋಡಬೇಕು, ಬೇಕಿದ್ದರೆ ತಮ್ಮ ಅಂಕ ತಿದ್ದಬೇಕು. ಏನೂ ಬರೆಯದೆ ಸೊನ್ನೆ ಹಾಕಿದ್ದರೆ ಕಾರಣ ಕೇಳಿ, ಮೂರು ದಿನ ಕೊಡಿ, ಬರದಿದ್ದರೆ ಮತ ತೆಗೆಯಿರಿ. ಕಾರಣವಿಲ್ಲದ 5ಕ್ಕೂ ಇದೇ ನಿಯಮ ಅನ್ವಯಿಸಲೇಬೇಕು. ಬಹಳ ಗುಂಪುಗಳು ಬೈಗುಳದ ಮತಕ್ಕೆ ಮಾತ್ರ ಕಾರಣ ಕೇಳಿ ಹೊಗಳಿಕೆಯ ಮತವನ್ನು ಹಾಗೇ ಬಿಡುತ್ತವೆ. ಪಟ್ಟಿಯಲ್ಲಿ ಕಳಪೆ ಬಿಲ್ಡ್‌ಗಳು ತುಂಬಿಕೊಳ್ಳುವುದು ಅಲ್ಲಿಂದಲೇ.

ಐದಕ್ಕಿಂತ ಕಡಿಮೆ ಮತ ಬಿದ್ದಿದ್ದರೆ ತೀರ್ಪು ಕೊಡಬೇಡಿ, ಪರೀಕ್ಷೆಯಲ್ಲಿದೆ ಎಂದೇ ಇಡಿ. ಅಂಕ ಸರಿಯಾಗಿ ಉಳಿಸುವ ಗೆರೆಯ ಮೇಲೇ ನಿಂತರೆ ಉಳಿಸಿ. ಉಳಿಸಿದ್ದನ್ನು ಮುಂದಿನ ತಿಂಗಳು ತೆಗೆಯಬಹುದು, ಅಳಿಸಿದ್ದನ್ನು ಮತ್ತೆ ಬರೆಯುವವರು ಸಿಗುವುದಿಲ್ಲ.

ಪ್ರಶ್ನೆ: 55 ಮಾಂಕ್ ಬಿಲ್ಡ್ ಬಗ್ಗೆ ನಮ್ಮಲ್ಲಿ ಜಗಳವೇ ಆಗಿದೆ. ಪಾರ್ಟಿ ಜೊತೆ ಅದನ್ನು ಆಡಲಾಗದು, ಮಿಷನ್‌ಗೆ ಉಪಯೋಗವಿಲ್ಲ, ತೆಗೆಯಿರಿ ಎನ್ನುತ್ತಾರೆ ಕೆಲವರು. ಯಾರು ಸರಿ? – ಓದುಗರೊಬ್ಬರು, ಬೆಂಗಳೂರು

ಉಳಿಸಬೇಕು ಎನ್ನುವವರು ಸರಿ. ಆದರೆ ಅದನ್ನು ಸರಿಯಾದ ತಲೆಬರಹದಡಿ ಇಡಬೇಕು.

ಗೊತ್ತಿಲ್ಲದವರಿಗಾಗಿ ಬಿಲ್ಡಿನ ಜೀವಾಳ ಹೇಳುತ್ತೇವೆ. ಪ್ರೊಟೆಕ್ಟಿವ್ ಸ್ಪಿರಿಟ್ ಎಂಬ ಸ್ಪೆಲ್ ಇರುವಾಗ ಒಂದು ಹೊಡೆತಕ್ಕೆ ಗರಿಷ್ಠ ಆರೋಗ್ಯದ 10%ಕ್ಕಿಂತ ಹೆಚ್ಚು ಹೋಗುವುದಿಲ್ಲ. ಹಾಗಾದರೆ ಗರಿಷ್ಠ ಆರೋಗ್ಯವನ್ನೇ ಇಳಿಸಿದರೆ? 20ನೇ ಲೆವೆಲ್‌ನ ಪಾತ್ರಕ್ಕೆ 480 ಆರೋಗ್ಯ. ಅಟ್ರಿಬ್ಯೂಟಿಗೆ +3 ಕೊಡುವ ಸುಪೀರಿಯರ್ ರೂನ್ ಒಂದಕ್ಕೆ 75 ಕಳೆಯುತ್ತದೆ. ಆರ್ಮರ್‌ನ ಐದೂ ಭಾಗಗಳಿಗೆ ಹಾಕಿದರೆ 375 ಹೋಗಿ 105 ಉಳಿಯುತ್ತದೆ. ಕೈಯಲ್ಲಿ ಹಿಡಿಯುವ, ಆರೋಗ್ಯ 50 ಇಳಿಸುವ ಸೆಸ್ಟಾ ಒಂದನ್ನು ಸೇರಿಸಿದರೆ 55. ಈಗ ಎಷ್ಟೇ ದೊಡ್ಡ ಹೊಡೆತ ಬಿದ್ದರೂ ಹೋಗುವುದು 5. ಆರೋಗ್ಯ ತುಂಬುವ ಎನ್‌ಚಾಂಟ್‌ಮೆಂಟ್‌ಗಳು ಆ ಐದನ್ನು ಮತ್ತೆ ತುಂಬಿಕೊಡುತ್ತವೆ. ಒಂದು ಆರೋಗ್ಯ ಪಿಪ್ ಎಂದರೆ ಸೆಕೆಂಡಿಗೆ 2, ಗರಿಷ್ಠ 10 ಪಿಪ್. ಅಂದರೆ ಸೆಕೆಂಡಿಗೆ 20 ಆರೋಗ್ಯ ಮರಳಬಲ್ಲದು, ನಾಲ್ಕು ಹೊಡೆತಗಳಿಗೆ ಸಮ. ಆರೋಗ್ಯ ಕಡಿಮೆ ಮಾಡುವುದರಿಂದ ಬದುಕುವ ಈ ಯೋಚನೆ, ನಮ್ಮ ದೃಷ್ಟಿಯಲ್ಲಿ, ಈ ಆಟದಲ್ಲಿ ಆಟಗಾರರು ಕಟ್ಟಿದ ಅತ್ಯಂತ ಚಂದದ ಲೆಕ್ಕಗಳಲ್ಲೊಂದು.

ಅದು ಸಾಯುವ ದಾರಿಗಳೂ ಸ್ಪಷ್ಟ. ಎನ್‌ಚಾಂಟ್‌ಮೆಂಟ್ ಕಿತ್ತುಹಾಕುವ ಶತ್ರು ಒಂದಿದ್ದರೆ ಸಾಕು. ಆರೋಗ್ಯವನ್ನು ಕ್ಷಯಿಸುವ ಕಂಡೀಷನ್, ಹೆಕ್ಸ್‌ಗಳು (ವಿಷ, ಶಾಪದಂಥವು) ಹೊಡೆತವಲ್ಲವಾದ್ದರಿಂದ ಪ್ರೊಟೆಕ್ಟಿವ್ ಸ್ಪಿರಿಟ್ ಅವನ್ನು ತಡೆಯದು. ಆರೋಗ್ಯ ಕದಿಯುವ ಸ್ಕಿಲ್‌ಗಳನ್ನೂ ತಡೆಯದು. ಆದ್ದರಿಂದ ಯಾವ ಜಾಗದ, ಯಾವ ಶತ್ರುಗಳ ಗುಂಪಿಗೆ ಇದು ನಡೆಯುತ್ತದೆ, ಯಾವ ಗುಂಪನ್ನು ತಪ್ಪಿಸಿ ಹೋಗಬೇಕು ಎಂದು ಬಿಲ್ಡ್ ಪುಟದಲ್ಲೇ ಇರಬೇಕು. ಇಲ್ಲದಿದ್ದರೆ ಅದು ಅರ್ಧ ಬಿಲ್ಡ್.

ಈಗ ಅಂಕಕ್ಕೆ ಬನ್ನಿ. ಇದಕ್ಕೆ ಪರಿಣಾಮಕ್ಕೆ 4, ಬಹುಬಳಕೆಗೆ 2 ಬಿತ್ತೆನ್ನಿ. ಎರಡಕ್ಕೂ ಸಮ ತೂಕ ಕೊಟ್ಟರೆ ಒಟ್ಟು 3.0. ಪರಿಣಾಮಕ್ಕೆ 80, ಬಹುಬಳಕೆಗೆ 20 ಎಂದು ತೂಗಿದರೆ 3.6. ಉಳಿಸುವ ಗೆರೆ 3.5 ಆಗಿದ್ದರೆ ಮೊದಲ ತೂಕದಲ್ಲಿ ಬಿಲ್ಡ್ ಹೋಗುತ್ತದೆ, ಎರಡನೆಯದರಲ್ಲಿ ಉಳಿಯುತ್ತದೆ. ತೂಕ ನಿರ್ಧರಿಸುವುದೇ ಅರ್ಧ ಮತದಾನ. ಅದನ್ನು ಮೊದಲೇ ಎಲ್ಲರೂ ಕೂತು ತೀರ್ಮಾನಿಸಬೇಕು, ಒಂದು ಬಿಲ್ಡಿಗಾಗಿ ನಡುವೆ ಬದಲಾಯಿಸಬಾರದು. ನಮ್ಮ ಸಲಹೆ 80:20. ಹೊಸತನಕ್ಕೆ ಅಂಕ ಇರಲಿ, ತೂಕ ಬೇಡ. ಹೊಸದು ಎಂಬ ಒಂದೇ ಕಾರಣಕ್ಕೆ ಸೋಲುವ ಬಿಲ್ಡನ್ನು ಹೊಸಬರ ಕೈಗೆ ಕೊಡುವುದು ಅನ್ಯಾಯ.

ಇದಕ್ಕಿಂತ ಒಳ್ಳೆಯ ದಾರಿ ಎಂದರೆ ವಿಭಾಗಗಳನ್ನೇ ಬೇರೆ ಮಾಡುವುದು: ಒಬ್ಬರೇ ಆಡುವ ಫಾರ್ಮಿಂಗ್ (ಗಳಿಕೆಗಾಗಿ ಒಂದೇ ಜಾಗವನ್ನು ಮತ್ತೆ ಮತ್ತೆ ಆಡುವುದು), ಸಾಮಾನ್ಯ ಪಿವಿಇ, ಹೀರೋಗಳಿಗೆ (ಜೊತೆಗೆ ಬರುವ ಕಂಪ್ಯೂಟರ್ ಪಾತ್ರಗಳಿಗೆ) ಕೊಡುವ ಬಿಲ್ಡ್, ರ‍್ಯಾಂಡಮ್ ಅರೀನಾ, ಗಿಲ್ಡ್ ಕಾಳಗ. ಫಾರ್ಮಿಂಗ್ ಬಿಲ್ಡನ್ನು ಫಾರ್ಮಿಂಗ್ ಬಿಲ್ಡಿನ ಜೊತೆ ಮಾತ್ರ ಹೋಲಿಸಿ.

ಪ್ರಶ್ನೆ: ಅಪ್‌ಡೇಟ್ ಬಂದು ಸ್ಕಿಲ್ ನರ್ಫ್ ಆದರೆ (ಅದರ ಬಲ ಕುಗ್ಗಿಸಿದರೆ) ಹಳೆಯ ಮತಗಳ ಗತಿ ಏನು? – ಓದುಗರೊಬ್ಬರು, ದುಬೈ

ಪ್ರತಿ ಮತಕ್ಕೂ ದಿನಾಂಕ ಇರಬೇಕು. ಬಿಲ್ಡಿನಲ್ಲಿರುವ ಒಂದು ಸ್ಕಿಲ್ ಬದಲಾದರೂ ಆ ದಿನಕ್ಕಿಂತ ಹಳೆಯ ಮತಗಳನ್ನು ಲೆಕ್ಕದಿಂದ ಹೊರಗಿಟ್ಟು ಬಿಲ್ಡನ್ನು ಮತ್ತೆ ಪರೀಕ್ಷೆಗೆ ಇಳಿಸಿ. ಸ್ಕಿಲ್ ಬದಲಾಗದೆ ಅಟ್ರಿಬ್ಯೂಟ್ ಬದಲಾಗುವುದೂ ಉಂಟು, ಇದು ಕಣ್ತಪ್ಪಿ ಹೋಗುತ್ತದೆ. ಸೋಲ್ ರೀಪಿಂಗ್‌ನಿಂದ ಎನರ್ಜಿ ಸಿಗುವುದು 15 ಸೆಕೆಂಡಿಗೆ ಮೂರೇ ಸಲ ಎಂದು ಮಿತಿ ಹಾಕಿದಾಗ, ಒಂದೇ ಒಂದು ಸ್ಕಿಲ್ ಬದಲಾಗದಿದ್ದರೂ, ಸುತ್ತಲೂ ಸಾಯುವವರಿಂದ ಎನರ್ಜಿ ತುಂಬಿಕೊಳ್ಳುತ್ತಿದ್ದ ನೆಕ್ರೊಮ್ಯಾನ್ಸರ್ ಬಿಲ್ಡ್‌ಗಳ ಲೆಕ್ಕ ತಲೆಕೆಳಗಾಯಿತು.

2008ರಿಂದ ಕೆಲವು ಸ್ಕಿಲ್‌ಗಳಿಗೆ ಪಿವಿಇಗೊಂದು, ಪಿವಿಪಿಗೊಂದು (ಆಟಗಾರರ ನಡುವಿನ ಕಾಳಗಕ್ಕೆ) ರೂಪ ಬಂದಿದೆ. ಹೆಸರು ಒಂದೇ, ಅಂಕಿ ಬೇರೆ. ಎರಡೂ ಕಡೆ ನಡೆಯುತ್ತದೆ ಎನ್ನುವ ಬಿಲ್ಡಾದರೆ ಎರಡು ಪ್ರತ್ಯೇಕ ಮತದಾನ ನಡೆಸಿ.

ನರ್ಫ್‌ನಿಂದ ಸತ್ತ ಬಿಲ್ಡನ್ನು ಅಳಿಸಬೇಡಿ, ಹಳೆಯವು ಎಂಬ ಬೇರೆ ಪೆಟ್ಟಿಗೆಗೆ ಹಾಕಿ. ಕೆಟ್ಟದಾಗಿ ಕಟ್ಟಿದ್ದಕ್ಕೂ, ಚೆನ್ನಾಗಿ ಕಟ್ಟಿದ್ದು ಕಾಲ ಬದಲಾಗಿ ಬಿದ್ದದ್ದಕ್ಕೂ ವ್ಯತ್ಯಾಸವಿದೆ. ಮುಂದಿನ ಅಪ್‌ಡೇಟ್‌ನಲ್ಲಿ ಸ್ಕಿಲ್ ಮತ್ತೆ ಬಲವಾದರೆ ಆ ಪೆಟ್ಟಿಗೆಯೇ ಮೊದಲು ನೋಡುವ ಜಾಗ.

ಪ್ರಶ್ನೆ: ಇರುವ ಬಿಲ್ಡಿನಲ್ಲೇ ಒಂದು ಸ್ಕಿಲ್ ಬದಲಿಸಿ ಹೊಸ ಹೆಸರಿಟ್ಟು ತರುತ್ತಾರೆ. – ಓದುಗರೊಬ್ಬರು, ಮಂಗಳೂರು

ಎಂಟರಲ್ಲಿ ಆರು ಸ್ಕಿಲ್ ಒಂದೇ ಆಗಿ, ಎಲೀಟೂ ಒಂದೇ ಆಗಿ, ಮಾಡುವ ಕೆಲಸವೂ ಒಂದೇ ಆಗಿದ್ದರೆ ಮತಕ್ಕೆ ಹಾಕದೆ ಮೂಲ ಬಿಲ್ಡಿನ ಅಡಿಯಲ್ಲಿ ಬದಲಿ ಸ್ಕಿಲ್ ಎಂದು ಸೇರಿಸಿ, ಸೂಚಿಸಿದವರ ಹೆಸರನ್ನೂ ಬರೆಯಿರಿ. ಎಲೀಟ್ ಬೇರೆಯಾಗಿದ್ದರೆ ಹೊಸ ಬಿಲ್ಡ್ ಎಂದೇ ತಿಳಿಯಿರಿ. ರಿಸರೆಕ್ಷನ್ ಸಿಗ್ನೆಟ್ ತೆಗೆದು ಬೇರೊಂದು ಸ್ಕಿಲ್ ಹಾಕಿದ್ದನ್ನು ಸುಧಾರಣೆ ಎಂದು ತರುವವರಿದ್ದಾರೆ. ರ‍್ಯಾಂಡಮ್ ಅರೀನಾದಲ್ಲಿ ನಾಲ್ವರ ತಂಡಕ್ಕೆ ಬಿದ್ದವರನ್ನು ಎಬ್ಬಿಸುವವರು ಬೇಕೇ ಬೇಕು. ಅದನ್ನು ತೆಗೆದು ಗಳಿಸಿದ ಬಲಕ್ಕೆ ಅಂಕ ಕೊಡಬೇಡಿ.

ಪ್ರಶ್ನೆ: ಕಟ್ಟಿದವರೇ ತಮ್ಮ ಬಿಲ್ಡಿಗೆ ಮತ ಹಾಕಬಹುದೇ? ಸ್ನೇಹಿತರು ಹಾಕಿದರೆ? – ಓದುಗರೊಬ್ಬರು, ಹಾಸನ

ಕಟ್ಟಿದವರಿಗೆ ಮತ ಬೇಡ, ಮಾತು ಬೇಕು. ಬಳಸುವ ಕ್ರಮ ವಿವರಿಸಲು, ಆಕ್ಷೇಪಕ್ಕೆ ಉತ್ತರಿಸಲು ಅವರಿಗಿಂತ ತಿಳಿದವರಿಲ್ಲ. ಸ್ನೇಹಿತರನ್ನು ತಡೆಯಲಾಗದು, ತಡೆಯಲೂಬಾರದು. ಸಣ್ಣ ಗುಂಪಿನಲ್ಲಿ ಎಲ್ಲರೂ ಸ್ನೇಹಿತರೇ. ಆದರೆ ಐದರಲ್ಲಿ ಕನಿಷ್ಠ ಎರಡು ಮತ ಆ ಬಿಲ್ಡನ್ನು ಕಟ್ಟಿದವರ ಪಾರ್ಟಿಯಲ್ಲಿ ಆಡದೆ, ಬೇರೆಯಾಗಿ ಪರೀಕ್ಷಿಸಿದವರದ್ದಾಗಿರಲಿ. ಕಟ್ಟಿದವರು ಪಕ್ಕದಲ್ಲೇ ನಿಂತು ಈಗ ಇದನ್ನು ಒತ್ತು, ಈಗ ಅದನ್ನು ಒತ್ತು ಎಂದು ಹೇಳುತ್ತಿದ್ದರೆ ಪರೀಕ್ಷೆಯಾಗುವುದು ಅವರ ಕೈಚಳಕ, ಬಿಲ್ಡ್ ಅಲ್ಲ. ಒಬ್ಬರೇ ಎರಡು ಖಾತೆಯಿಂದ ಮತ ಹಾಕಿದ್ದು ಗೊತ್ತಾದರೆ ಎರಡನ್ನೂ ತೆಗೆಯಿರಿ.

ಪ್ರಶ್ನೆ: ನನ್ನ ಬಿಲ್ಡನ್ನು 2.9 ಅಂಕಕ್ಕೆ ತೆಗೆದುಹಾಕಿದರು. ತಿದ್ದಿ ಮತ್ತೆ ತರಬಹುದೇ? – ವಿದ್ಯಾರ್ಥಿ, ದಾವಣಗೆರೆ

ಖಂಡಿತ ತನ್ನಿ, ಆದರೆ ಅದೇ ವಾರ ಬೇಡ. ಮೊದಲು ಬಂದ ಕಾರಣಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಮೂರು ಗುಂಪು ಮಾಡಿ: ಎನರ್ಜಿ ಸಾಲದು, ಬದುಕುವುದಿಲ್ಲ, ಇದೇ ಕೆಲಸವನ್ನು ಬೇರೆ ಬಿಲ್ಡ್ ಚೆನ್ನಾಗಿ ಮಾಡುತ್ತದೆ. ಮೊದಲೆರಡಕ್ಕೆ ಮದ್ದಿದೆ. ಎನರ್ಜಿಗೆ ದುಬಾರಿ ಸ್ಕಿಲ್ ಒಂದನ್ನು ಬಿಟ್ಟು ಎನರ್ಜಿ ತರುವ ಸ್ಕಿಲ್ ಹಾಕಿ ನೋಡಿ. ಬದುಕುವುದಕ್ಕೆ, ಸುಪೀರಿಯರ್ ರೂನ್ ತೆಗೆದು ಮೈನರ್ ಹಾಕಿ. ಅಟ್ರಿಬ್ಯೂಟ್ +3 ಇದ್ದದ್ದು +1 ಆಗುತ್ತದೆ, ಬದಲಿಗೆ 75 ಆರೋಗ್ಯ ವಾಪಸ್ ಬರುತ್ತದೆ. ಈ ಒಂದು ಬದಲಾವಣೆಯಿಂದಲೇ ಎಷ್ಟೋ ಬಿಲ್ಡ್‌ಗಳು ನಿಲ್ಲುತ್ತವೆ. ಮೂರನೆಯ ಆಕ್ಷೇಪಕ್ಕೆ ತಿದ್ದುಪಡಿಯಿಂದ ಉತ್ತರ ಸಿಗದು. ಆ ಇನ್ನೊಂದು ಬಿಲ್ಡ್ ಎಲ್ಲಿ ಸೋಲುತ್ತದೆ ಎಂದು ಹುಡುಕಿ, ನಿಮ್ಮದನ್ನು ಆ ಜಾಗಕ್ಕೆಂದೇ ಕಟ್ಟಿ.

ಮತ್ತೆ ಸಲ್ಲಿಸುವಾಗ ಏನು ಬದಲಾಯಿತು, ಯಾವ ಆಕ್ಷೇಪಕ್ಕೆ ಎಂದು ಮೇಲೆಯೇ ಎರಡು ಸಾಲು ಬರೆಯಿರಿ. ಆಟದೊಳಗಿನ ಟೆಂಪ್ಲೇಟ್ ಕೋಡನ್ನೂ ಕೊಡಿ. ಅದನ್ನು ಅಂಟಿಸಿದರೆ ವೃತ್ತಿ, ಅಟ್ರಿಬ್ಯೂಟ್, ಎಂಟು ಸ್ಕಿಲ್ ಒಮ್ಮೆಗೇ ಬರುತ್ತವೆ, ಪರೀಕ್ಷಿಸುವವರು ಒಂದು ಸ್ಕಿಲ್ ತಪ್ಪಾಗಿ ಹಾಕಿಕೊಂಡು ನಿಮಗೆ ಅಂಕ ಕಳೆಯುವ ಅಪಾಯವಿಲ್ಲ. ಕೋಡಿನಲ್ಲಿ ರೂನ್, ಆರ್ಮರ್, ಆಯುಧ ಇರುವುದಿಲ್ಲ. ಅವನ್ನು ಕೈಯಾರೆ ಬರೆಯಿರಿ. ಹಳೆಯ ರೂಪದ ಕೋಡನ್ನು ನಿಮ್ಮ ಬಳಿ ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರಿ, ಹೊಸದು ನಿಜಕ್ಕೂ ಮೇಲೇ ಎಂದು ಯಾರಾದರೂ ಕೇಳಿದಾಗ ಎರಡನ್ನೂ ಒಂದೇ ಗೊಂಬೆಯ ಮೇಲೆ ಹೊಡೆದು ಅಂಕಿ ತೋರಿಸಬಹುದು.